ರೆಡ್ ಫ್ಲ್ಯಾಗ್ ಕಾನೂನು: ಅಮೆರಿಕದಲ್ಲಿರೋ ನಮ್ಮೋರು ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲೇ ಹೇಳ್ಬಿಡ್ತೀನಿ, ನಾನು ವಕೀಲೆ ಅಲ್ಲ. ಇಲ್ಲಿನ ಕೋರ್ಟುಗಳಲ್ಲಿ ಕನ್ನಡ ದುಭಾಷಿ ಕೆಲಸ ಮಾಡ್ತೀನಿ, ಅಷ್ಟೇ. ಆದ್ರೆ ಕನ್ನಡ ಗೊತ್ತಿರೋ ಒಬ್ರು ಕೋರ್ಟಲ್ಲಿ ಇದಾರೆ ಅಂತ ಗೊತ್ತಾದ್ಮೇಲೆ ಫೋನ್ ಬರೋಕೆ ಶುರುವಾಗತ್ತೆ, ಅದ್ರಲ್ಲೂ ರಾತ್ರಿ ಹೊತ್ತಲ್ಲಿ, ಮೆಲ್ಲಗೆ ಮಾತಾಡ್ತಾ, "ಅಕ್ಕಾ, ಮನೇಲಿ ಗನ್ ಇದೆ, ಅವ್ರು ಸರಿ ಇಲ್ಲ, ಏನ್ ಮಾಡೋದು" ಅಂತ. ಆ ಫೋನುಗಳಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದೀನಿ. ನಿಮ್ಮ ಕೇಸಿಗೆ ವಕೀಲರನ್ನ ಕೇಳಲೇಬೇಕು. ಪರಿಸ್ಥಿತಿ ಈಗ್ಲೇ ಕೈಮೀರ್ತಿದ್ರೆ ಇದನ್ನ ಓದ್ತಾ ಕೂರ್ಬೇಡಿ, 911ಗೆ ಫೋನ್ ಮಾಡಿ. ಪ್ರಾಣ ಕಳ್ಕೊಳ್ಳೋ ಮಾತಾಡ್ತಿದ್ರೆ 988, ಅದು 2022ರ ಜುಲೈಯಿಂದ ದೇಶಪೂರ್ತಿ ಇದೆ, ಫೋನೂ ಮಾಡ್ಬಹುದು ಮೆಸೇಜೂ ಮಾಡ್ಬಹುದು.

ಈ ರೆಡ್ ಫ್ಲ್ಯಾಗ್ ಕಾನೂನು ಅಂದ್ರೆ ಏನು?

ಒಬ್ಬ ಮನುಷ್ಯ ತನ್ನ ಪ್ರಾಣಕ್ಕೋ ಬೇರೆಯೋರ ಪ್ರಾಣಕ್ಕೋ ಅಪಾಯ ಮಾಡೋ ಹಾಗೆ ಕಾಣ್ತಿದಾನೆ ಅಂದ್ರೆ, ಸ್ವಲ್ಪ ಕಾಲದ ಮಟ್ಟಿಗೆ ಅವನ ಹತ್ರ ಇರೋ ಗನ್ ತೆಗೆದಿಟ್ಟು, ಹೊಸದು ಕೊಳ್ಳದ ಹಾಗೆ ತಡೆಯೋಕೆ ಜಡ್ಜು ಕೊಡೋ ಆರ್ಡರು. ಇದು ಸಿವಿಲ್ ಆರ್ಡರು. ಅರೆಸ್ಟ್ ಅಲ್ಲ, ಶಿಕ್ಷೆ ಅಲ್ಲ, ಅವನು ತಪ್ಪು ಮಾಡಿದಾನೆ ಅಂತ ತೀರ್ಪೂ ಅಲ್ಲ. ಹೆಚ್ಚಿನ ಕಡೆ ಎಕ್ಸ್‌ಟ್ರೀಮ್ ರಿಸ್ಕ್ ಪ್ರೊಟೆಕ್ಷನ್ ಆರ್ಡರ್ ಅಂತಾರೆ, ಕ್ಯಾಲಿಫೋರ್ನಿಯಾದಲ್ಲಿ ಗನ್ ವಯಲೆನ್ಸ್ ರಿಸ್ಟ್ರೇನಿಂಗ್ ಆರ್ಡರ್, ಇಲಿನಾಯ್‌ನಲ್ಲಿ ಫೈರ್‌ಆರ್ಮ್ಸ್ ರಿಸ್ಟ್ರೇನಿಂಗ್ ಆರ್ಡರ್, ಫ್ಲೋರಿಡಾದಲ್ಲಿ ಬರೀ ರಿಸ್ಕ್ ಪ್ರೊಟೆಕ್ಷನ್ ಆರ್ಡರ್. ಕೋರ್ಟಿನ ವೆಬ್‌ಸೈಟಲ್ಲಿ ಹುಡುಕುವಾಗ ನಿಮ್ಮ ರಾಜ್ಯದ ಹೆಸರೇ ಹಾಕಿ, ಇಲ್ಲಾಂದ್ರೆ ಫಾರಂ ಸಿಗಲ್ಲ.

ಎಲ್ಲಾ ರಾಜ್ಯದಲ್ಲೂ ಇದೆಯಾ? ಯಾವಾಗಿಂದ?

ಇಲ್ಲ. ಮೊದಲು ಮಾಡಿದ್ದು ಕನೆಕ್ಟಿಕಟ್, 1999ರಲ್ಲಿ, ಅದಕ್ಕೂ ಹಿಂದಿನ ವರ್ಷ ಅಲ್ಲಿನ ಲಾಟರಿ ಆಫೀಸಲ್ಲಿ ಒಬ್ಬ ನೌಕರ 4 ಜನರನ್ನ ಕೊಂದಿದ್ದ. ಆಮೇಲೆ 2005ರಲ್ಲಿ ಇಂಡಿಯಾನಾ. 2014ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾದಲ್ಲಿ ಒಬ್ಬ ಹುಡುಗ 6 ಜನರನ್ನ ಕೊಂದ, ಅದಕ್ಕೆ ಕೆಲವೇ ವಾರ ಮುಂಚೆ ಮನೆಯೋರ ಆತಂಕದಿಂದಾಗಿ ಪೊಲೀಸ್ನೋರು ಅವನ ಮನೆ ಬಾಗಿಲಿಗೆ ಹೋಗಿ ಮಾತಾಡ್ಸಿ ವಾಪಸ್ ಬಂದಿದ್ರು, ಅವತ್ತು ಅವರ ಕೈಲಿ ಇಂಥ ಕಾನೂನು ಇರ್ಲಿಲ್ಲ. ಆ ರಾಜ್ಯದ ಕಾನೂನು 2016ರ ಜನವರಿ 1ಕ್ಕೆ ಜಾರಿಗೆ ಬಂತು. 2018ರ ಫೆಬ್ರವರಿಯಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೇಲಿ 17 ಜನ ಸತ್ತ ಮೇಲೆ ಒಂದರ ಹಿಂದೆ ಒಂದು ರಾಜ್ಯ ಮಾಡ್ತಾ ಬಂತು. ಫ್ಲೋರಿಡಾದಲ್ಲಿ ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಅನ್ನೋದನ್ನ ಇದು ಬರೀ ಒಂದು ಪಕ್ಷದ ವಿಷಯ ಅಂದ್ಕೊಂಡಿರೋರು ಗಮನಿಸ್ಬೇಕು.

2024ರ ಹೊತ್ತಿಗೆ 21 ರಾಜ್ಯ ಮತ್ತು ವಾಷಿಂಗ್ಟನ್ ಡಿಸಿ. ಮೇನ್ ರಾಜ್ಯದ ಜನ 2025ರ ನವೆಂಬರ್‌ನಲ್ಲಿ ಓಟು ಹಾಕಿ ಒಪ್ಪಿದ್ರು. ನಮ್ಮೋರು ಜಾಸ್ತಿ ಇರೋ ಕಡೆ ಹೇಳ್ಬೇಕು ಅಂದ್ರೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ರಾಜ್ಯ, ವರ್ಜೀನಿಯಾ, ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ಮಿಷಿಗನ್, ಫ್ಲೋರಿಡಾ, ಇಲ್ಲೆಲ್ಲಾ ಇದೆ. ಡಲ್ಲಾಸ್, ಆಸ್ಟಿನ್, ಅಟ್ಲಾಂಟಾ, ಶಾರ್ಲೆಟ್, ಫೀನಿಕ್ಸ್, ಪಿಟ್ಸ್‌ಬರ್ಗ್ ಕಡೆ ಇರೋರಿಗೆ ಇಲ್ಲ. ಒಕ್ಲಹೋಮಾ, ಟೆನೆಸಿ, ಟೆಕ್ಸಸ್‌ನಲ್ಲಂತೂ ಇಂಥದ್ದು ಬರಕೂಡದು ಅಂತಲೇ ಕಾನೂನು ಮಾಡ್ಕೊಂಡಿದಾರೆ. ಆ ಕಡೆಯೋರು ಏನ್ ಮಾಡ್ಬಹುದು ಅಂತ ಕೆಳಗೆ ಬರೆದಿದೀನಿ.

ನಾವು ಎಚ್-1ಬಿ ಮೇಲೆ ಬಂದೋರು, ಗನ್ ಮುಟ್ಟೋರೂ ಅಲ್ಲ. ನಮಗೇನು ಸಂಬಂಧ?

ಎಚ್-1ಬಿ (ಕೆಲಸದ್ದು), ಎಫ್-1 (ಓದಿನದ್ದು) ಥರದ ವೀಸಾ ಮೇಲಿರೋರು ಗನ್ ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲೇ ನಿಷಿದ್ಧ, ಬೇಟೆ ಲೈಸೆನ್ಸ್ ಇರೋರಿಗೆ ಸಿಗೋ ಹಾಗೆ ಕೆಲವು ವಿನಾಯ್ತಿ ಬಿಟ್ರೆ. ಶೂಟಿಂಗ್ ರೇಂಜಿಗೆ ಫ್ರೆಂಡ್ಸ್ ಜೊತೆ ಹೋಗೋ ಮುಂಚೇನೂ ಇದನ್ನ ವಿಚಾರಿಸ್ಕೊಳ್ಳಿ. ಆದ್ರೆ ಗ್ರೀನ್ ಕಾರ್ಡ್ ಬಂದ್ಮೇಲೆ ಕೊಳ್ಬಹುದು. ಇಲ್ಲೇ ಹುಟ್ಟಿದ ಮಕ್ಕಳು ಸಿಟಿಜನ್ನು, ಫೆಡರಲ್ ಕಾನೂನಿನ ಪ್ರಕಾರ 18ಕ್ಕೆ ಅಂಗಡೀಲಿ ರೈಫಲ್, 21ಕ್ಕೆ ಪಿಸ್ತೂಲು ತಗೋಬಹುದು, ಕೆಲವು ರಾಜ್ಯ ಇನ್ನೂ ಬಿಗಿ ಮಾಡಿವೆ. ನನಗೆ ಬರೋ ಫೋನುಗಳಲ್ಲಿ ಹೆಚ್ಚಿನವು ಇಂಥವೇ. ಅಪ್ಪ ಅಮ್ಮ ಇನ್ನೂ ವೀಸಾದಲ್ಲಿ ಇದಾರೆ, ಮಗ ಕಾಲೇಜು ಬಿಟ್ಟು ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿದಾನೆ, ಒಂದಿನ ಬೀರುವಿನಲ್ಲಿ ಬಟ್ಟೆ ಜೋಡ್ಸೋಕೆ ಹೋದ ಅಮ್ಮನಿಗೆ ಸ್ವೆಟರ್ ಕೆಳಗೆ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಸಿಗತ್ತೆ. ಅವರಿಗೆ ಅದನ್ನ ತೆಗೆದು ನೋಡೋಕೂ ಭಯ, ಯಾರಿಗಾದ್ರೂ ಹೇಳೋಕೂ ಭಯ, ವೀಸಾಕ್ಕೆ ಏನಾದ್ರೂ ಆಗತ್ತೇನೋ ಅಂತ ಇನ್ನೊಂದು ಭಯ.

ಅರ್ಜಿ ಯಾರು ಹಾಕ್ಬಹುದು?

ಇಲ್ಲೇ ರಾಜ್ಯ ರಾಜ್ಯಕ್ಕೆ ದೊಡ್ಡ ವ್ಯತ್ಯಾಸ. ಫ್ಲೋರಿಡಾ, ನ್ಯೂಮೆಕ್ಸಿಕೋ, ಇಂಡಿಯಾನಾದಲ್ಲಿ ಮನೆಯೋರು ನೇರವಾಗಿ ಹಾಕೋ ಹಾಗಿಲ್ಲ, ಪೊಲೀಸ್ನೋರಿಗೆ ಹೇಳ್ಬೇಕು, ಅವರ ಕಡೆಯಿಂದ ಹೋಗ್ಬೇಕು. ವರ್ಜೀನಿಯಾದಲ್ಲಿ ಪೊಲೀಸ್ನೋರು ಅಥವಾ ಸರ್ಕಾರಿ ವಕೀಲರು. ನ್ಯೂಜೆರ್ಸಿಯಲ್ಲಿ ಮನೆಯೋರೂ ಹಾಕ್ಬಹುದು. ಮೇರಿಲ್ಯಾಂಡ್‌ನಲ್ಲಿ ಮೊದಲಿಂದಾನೂ ಡಾಕ್ಟರು, ಕೌನ್ಸೆಲರ್ ಥರದೋರಿಗೂ ಅವಕಾಶ ಇದೆ. ನ್ಯೂಯಾರ್ಕ್‌ನಲ್ಲಿ ಶಾಲೆ ಆಡಳಿತದೋರು, ಇತ್ತೀಚೆಗೆ ಪರೀಕ್ಷೆ ಮಾಡಿದ ವೈದ್ಯರು ಹಾಕ್ಬಹುದು. ಕ್ಯಾಲಿಫೋರ್ನಿಯಾದಲ್ಲಿ 2020ರ ಸೆಪ್ಟೆಂಬರ್‌ನಿಂದ ಜೊತೆ ಕೆಲಸ ಮಾಡೋರು, ಕೆಲಸ ಕೊಟ್ಟೋರು, ಟೀಚರ್‌ಗಳು ಕೂಡ ಸೇರಿದಾರೆ.

ಅಮ್ಮನಿಗೆ ಮಗನ ಮೇಲೆ ಕೋರ್ಟಲ್ಲಿ ಕಾಗದ ಹಾಕೋದು ಎಷ್ಟು ಕಷ್ಟ ಅಂತ ನಾನು ಕಣ್ಣಾರೆ ನೋಡಿದೀನಿ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಮನೆಯೋರಿಗೆ ಹಕ್ಕು ಇರ್ಬೇಕು, ಆದ್ರೆ ಭಾರ ಪೂರ್ತಿ ಅವರ ಮೇಲೆ ಬೀಳ್ಬಾರ್ದು. ಪೊಲೀಸ್ನೋರು ಹಾಕಿದ್ರೆ ಮನೆಯೋರು ಮಗನ ಎದುರಿಗೆ ಶತ್ರು ಥರ ನಿಲ್ಲೋದು ತಪ್ಪತ್ತೆ. ನಿಮ್ಮ ರಾಜ್ಯದಲ್ಲಿ ಎರಡೂ ದಾರಿ ಇದ್ರೆ ಮೊದಲು ಠಾಣೆಗೆ ಹೋಗಿ "ನೀವೇ ಹಾಕ್ತೀರಾ" ಅಂತ ಕೇಳಿ ನೋಡಿ.

ಅರ್ಜೀಲಿ ಏನು ಬರೀಬೇಕು?

ನೋಡಿದ್ದು, ಕೇಳಿದ್ದು, ದಿನಾಂಕ. "ತುಂಬಾ ಬೇಜಾರಲ್ಲಿದಾನೆ", "ಸಿಟ್ಟು ಜಾಸ್ತಿ" ಅಂದ್ರೆ ಜಡ್ಜಿಗೆ ಏನೂ ಗೊತ್ತಾಗಲ್ಲ. ಯಾವತ್ತು, ಎಲ್ಲಿ, ಏನಂದ, ಕೈಲಿ ಏನಿತ್ತು, ಯಾರಿದ್ರು. ಮೆಸೇಜ್ ಇದ್ರೆ ಸ್ಕ್ರೀನ್‌ಶಾಟ್. ಗನ್ ಎಷ್ಟಿವೆ, ಎಲ್ಲಿಟ್ಟಿದಾನೆ, ಮನೇಲೋ ಕಾರಲ್ಲೋ ಗ್ಯಾರೇಜಲ್ಲೋ, ಇತ್ತೀಚೆಗೆ ಕೊಂಡಿದ್ದಾ, ಬೇರೆಯೋರ ಮನೇಲಿ ಏನಾದ್ರೂ ಇಟ್ಟಿದಾನಾ. ಕುಡಿತ, ಡ್ರಗ್ಸ್, ಹಿಂದೆ ಹೊಡೆದಿದ್ದು, ಹಿಂದೆ ಪ್ರಾಣ ಕಳ್ಕೊಳ್ಳೋಕೆ ಹೋಗಿದ್ದು, ಇವೆಲ್ಲಾ ಕಾನೂನಲ್ಲೇ ಜಡ್ಜು ನೋಡ್ಬೇಕಾದ ಅಂಶಗಳು. ಬರೀ ಮಾನಸಿಕ ಕಾಯಿಲೆ ಇದೆ ಅನ್ನೋದು ಕಾರಣ ಆಗಲ್ಲ, ಆಗ್ಲೂಬಾರ್ದು. ಡಿಪ್ರೆಶನ್‌ಗೆ ಮಾತ್ರೆ ತಗೊಳ್ಳೋ ಲಕ್ಷಾಂತರ ಜನ ಯಾರಿಗೂ ಏನೂ ಮಾಡಲ್ಲ.

ಭಾಷೆ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಓಪನ್ ಕೋರ್ಟಲ್ಲಿ ನಡೆದ ಒಂದು ಹಿಯರಿಂಗು, ಎಲ್ಲಿ ಯಾರದ್ದು ಅಂತ ಹೇಳಲ್ಲ. ಮಗ ಏನಂದ ಅಂತ ಜಡ್ಜು ಕೇಳಿದ್ರು. ಅಮ್ಮ ಅಂದ್ರು, "ಸಾಕಾಗಿದೆ ಅಮ್ಮ, ಇನ್ನು ನನ್ನನ್ನ ಎಬ್ಬಿಸ್ಬೇಡ ಅಂದ." ಕನ್ನಡದಲ್ಲಿ ಸಾಕಾಗಿದೆ ಅಂದ್ರೆ ಕೆಲಸ ಮಾಡಿ ಸುಸ್ತಾಗಿದೆ ಅಂತಲೂ ಆಗತ್ತೆ, ಬದುಕೇ ಸಾಕು ಅಂತಲೂ ಆಗತ್ತೆ, ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಮಾತಿಲ್ಲ. ನಾನು ಜಡ್ಜಿಗೆ ಈ ಪದಕ್ಕೆ ಎರಡು ಅರ್ಥ ಇದೆ, ಯಾವುದು ಅಂತ ಅವರನ್ನೇ ಕೇಳ್ಬೇಕು ಅಂತ ಹೇಳಿದೆ. ಆಮೇಲೆ ಅಮ್ಮ ಹೇಳಿದ್ರು, ಅವತ್ತು ಅವನು ತನ್ನ ಲ್ಯಾಪ್‌ಟಾಪ್, ಅಜ್ಜಿ ಕೊಟ್ಟ ಚೈನು, ಎಲ್ಲಾ ತಂಗಿ ಮಂಚದ ಮೇಲೆ ಇಟ್ಟು ಹೋಗಿದ್ದ ಅಂತ. ಫಾರಂನಲ್ಲಿ ಅದು ಇರ್ಲೇ ಇಲ್ಲ. ಫಾರಂನಲ್ಲಿ ಇದ್ದಿದ್ದು ಮಗ ಬೇಜಾರಲ್ಲಿದಾನೆ ಅಂತ ಇಂಗ್ಲಿಷಲ್ಲಿ ಒಂದೇ ಸಾಲು. ದಯವಿಟ್ಟು ಅವನು ಆಡಿದ ಮಾತನ್ನ ಆಡಿದ ಹಾಗೇ ಕನ್ನಡದಲ್ಲಿ ಮೊದಲು ಒಂದು ಹಾಳೇಲಿ ಬರ್ಕೊಳ್ಳಿ, ದುಭಾಷಿ ಬೇಕು ಅಂತ ಕೋರ್ಟಿಗೆ ಮೊದ್ಲೇ ತಿಳ್ಸಿ. ನೆಂಟರ ಮಗಳು ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ ಅಂತ ಅವಳನ್ನ ಕರ್ಕೊಂಡು ಬರ್ಬೇಡಿ.

ಫೀಸು ಎಷ್ಟು?

ಸಾಮಾನ್ಯವಾಗಿ ಇಲ್ಲ. ವಕೀಲರು ಇಲ್ದೇನೂ ಹಾಕ್ಬಹುದು.

ಅರ್ಜಿ ಹಾಕಿದ್ಮೇಲೆ ಏನಾಗತ್ತೆ?

ಎರಡು ಹಂತ. ಮೊದಲು ತಾತ್ಕಾಲಿಕ ಆರ್ಡರು, ಅದನ್ನ ಎದುರಿನೋರು ಇಲ್ದೇನೇ ಜಡ್ಜು ಅವತ್ತೋ ಮಾರನೇ ದಿನವೋ ಕೊಡ್ಬಹುದು. ರಾತ್ರಿಯಾದ್ರೆ, ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ನೋರು ಸ್ಥಳದಿಂದಲೇ ಡ್ಯೂಟಿ ಮೇಲಿರೋ ಜಡ್ಜಿಗೆ ಫೋನ್ ಮಾಡಿ ತುರ್ತು ಆರ್ಡರ್ ತಗೋಬಹುದು, ಮೇರಿಲ್ಯಾಂಡ್‌ನಲ್ಲಿ ಕೋರ್ಟ್ ಮುಚ್ಚಿದ್ರೂ ಕಮಿಷನರ್ ಅಂತ ಒಬ್ರು ಇರ್ತಾರೆ, ಅವರ ಹತ್ರ ಹೋಗ್ಬಹುದು. ಆಮೇಲೆ ಪೂರ್ತಿ ಹಿಯರಿಂಗ್. ಫ್ಲೋರಿಡಾ, ವಾಷಿಂಗ್ಟನ್, ಕೊಲರಾಡೋದಲ್ಲಿ 14 ದಿನದೊಳಗೆ, ಕ್ಯಾಲಿಫೋರ್ನಿಯಾದಲ್ಲಿ 21 ದಿನದೊಳಗೆ, ನ್ಯೂಯಾರ್ಕ್‌ನಲ್ಲಿ ಇನ್ನೂ ಬೇಗ. ಅಲ್ಲಿ ಪ್ರತಿವಾದಿ ಬಂದು ತನ್ನ ಮಾತು ಹೇಳ್ಬಹುದು, ಸಾಕ್ಷಿ ತರ್ಬಹುದು, ವಕೀಲರನ್ನ ಇಟ್ಕೊಬಹುದು. ಕೊಲರಾಡೋದಲ್ಲಿ ವಕೀಲರನ್ನ ಸರ್ಕಾರದ ಖರ್ಚಲ್ಲೇ ಕೊಡ್ತಾರೆ, ಇದು ಎಲ್ಲಾ ಕಡೆ ಬರ್ಬೇಕಾದ ಒಳ್ಳೇ ಪದ್ಧತಿ ಅಂತ ನನಗೆ ಅನ್ಸತ್ತೆ, ಯಾಕಂದ್ರೆ ಎದುರಿಗೆ ಪೊಲೀಸ್ ವಕೀಲರು ನಿಂತಿರುವಾಗ ಆ ಮನುಷ್ಯ ಒಬ್ಬನೇ ನಿಲ್ಲೋದು ನ್ಯಾಯ ಅಲ್ಲ.

ಹಿಯರಿಂಗಲ್ಲಿ ಬೇಕಾದ ಸಾಕ್ಷಿಯ ತೂಕ ಹೆಚ್ಚಿನ ರಾಜ್ಯಗಳಲ್ಲಿ ಮಾಮೂಲಿ ಸಿವಿಲ್ ಕೇಸಿಗಿಂತ ಜಾಸ್ತಿ. ಆರ್ಡರ್ ಆದ್ರೆ ಅವಧಿ ಸಾಮಾನ್ಯವಾಗಿ 1 ವರ್ಷ. ವರ್ಜೀನಿಯಾದಲ್ಲಿ 180 ದಿನ, ಕ್ಯಾಲಿಫೋರ್ನಿಯಾದಲ್ಲಿ 1ರಿಂದ 5 ವರ್ಷ, ನ್ಯೂಜೆರ್ಸಿಯಲ್ಲಿ ಕೋರ್ಟ್ ತೆಗೆಯೋವರೆಗೂ ಇರತ್ತೆ.

ಪೊಲೀಸ್ನೋರು ಮನೆ ಬಾಗಿಲಿಗೆ ಬಂದಾಗ ಏನಾಗತ್ತೆ? ನನಗೆ ಅದೇ ಭಯ

ಭಯ ಪಡೋದ್ರಲ್ಲಿ ಅರ್ಥ ಇದೆ. ಇಡೀ ಕಾನೂನಿನಲ್ಲಿ ಅತಿ ಸೂಕ್ಷ್ಮವಾದ ಹತ್ತು ನಿಮಿಷ ಅದು. ಮೇರಿಲ್ಯಾಂಡ್‌ನಲ್ಲಿ ಕಾನೂನು ಜಾರಿಗೆ ಬಂದಿದ್ದು 2018ರ ಅಕ್ಟೋಬರ್ 1ಕ್ಕೆ. ನವೆಂಬರ್ 5ಕ್ಕೆ, ಬೆಳಗಿನ ಜಾವ ಐದೂಕಾಲು ಗಂಟೆ ಸುಮಾರಿಗೆ, ಆನ್ ಅರಂಡೆಲ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಇಬ್ರು ಆಫೀಸರ್‌ಗಳು ಆರ್ಡರ್ ಕೊಡೋಕೆ ಒಂದು ಮನೆ ಬಾಗಿಲು ತಟ್ಟಿದ್ರು. ಆ ಮನುಷ್ಯ ಗನ್ ಹಿಡ್ಕೊಂಡೇ ಬಾಗಿಲು ತೆಗ್ದ, ಕೆಳಗಿಟ್ಟ, ಮತ್ತೆ ತಗೊಂಡ, ಎಳೆದಾಟ ಆಯ್ತು, ಕೊನೆಗೆ ಪೊಲೀಸ್ ಗುಂಡಿಗೆ ಸತ್ತ. ಪ್ರಾಣ ಉಳ್ಸೋಕೆ ಅಂತ ಮಾಡಿದ ಆರ್ಡರು ಅದು. ಹೊತ್ತು ಹುಟ್ಟೋ ಮುಂಚೆ, ನಿದ್ದೆಗಣ್ಣಲ್ಲಿ ಇರೋ ಮನುಷ್ಯನ ಮನೆಗೆ, ಇಂಥ ಕಾಗದ ತಗೊಂಡು ಹೋಗ್ಬಹುದಾ ಅನ್ನೋ ಪ್ರಶ್ನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಚೆನ್ನಾಗಿ ಮಾಡೋ ಕಡೆ ಹೇಗೆ ಮಾಡ್ತಾರೆ ಅಂದ್ರೆ, ಮೊದಲು ಮನೆಯೋರ ಹತ್ರ ವಿಷಯ ಕೇಳ್ಕೋತಾರೆ, ಅವನು ಮನೇಲಿ ಇಲ್ದಿರೋ ಹೊತ್ತು, ಅಥವಾ ಆಸ್ಪತ್ರೆಯಲ್ಲಿ ಇರೋ ಹೊತ್ತು ನೋಡ್ತಾರೆ, ಮಾನಸಿಕ ಸಂಕಟದಲ್ಲಿರೋರ ಜೊತೆ ಮಾತಾಡೋ ತರಬೇತಿ ಆಗಿರೋರನ್ನ ಕಳಿಸ್ತಾರೆ, ಫೋನ್ ಮಾಡಿ ಹೊರಗೆ ಕರೀತಾರೆ. ನಿಮ್ಮ ಕೈಲಾಗೋದು ಇಷ್ಟು: ಮನೆಯ ನಕ್ಷೆ, ಗನ್ ಎಲ್ಲಿದೆ, ಮಕ್ಕಳು ವಯಸ್ಸಾದೋರು ಯಾವ ರೂಮಲ್ಲಿ ಮಲಗ್ತಾರೆ, ಅವನು ಯಾರ ಮಾತು ಕೇಳ್ತಾನೆ, ಇದನ್ನೆಲ್ಲಾ ಮುಂಚೇನೇ ಪೊಲೀಸ್ನೋರಿಗೆ ಹೇಳಿ. ಆ ಹೊತ್ತಲ್ಲಿ ಮನೇಲಿ ಇರ್ಬೇಕಾ ಬೇಡ್ವಾ ಅಂತಲೂ ಅವರನ್ನೇ ಕೇಳಿ. ಕರ್ನಾಟಕದಿಂದ ಬಂದು ಜೊತೇಲಿರೋ ಅತ್ತೆ ಮಾವನಿಗೆ ಏನಾಗ್ತಿದೆ ಅಂತ ಗೊತ್ತಿಲ್ದೆ ಗಾಬರಿಯಲ್ಲಿ ಅಡ್ಡ ಬರೋ ಸಾಧ್ಯತೆ ಇರತ್ತೆ, ಅವರನ್ನ ಅವತ್ತು ಬೇರೆ ಮನೆಗೆ ಕಳ್ಸಿ.

ಗನ್ ತಗೊಂಡ್ಮೇಲೆ ರಸೀದಿ ಕೊಡ್ತಾರೆ, ಒಂದೊಂದರ ಕಂಪನಿ ಹೆಸರು, ಸೀರಿಯಲ್ ನಂಬರ್ ಬರೆದು. ಅದನ್ನ ಜೋಪಾನವಾಗಿಡಿ. ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ಇರೋ ಗನ್ ಅಂಗಡಿಗೆ ಕೊಟ್ಟು ಅದರ ರಸೀದಿ ಕೋರ್ಟಿಗೆ ಕೊಟ್ರೂ ಆಗತ್ತೆ.

ಪೊಲೀಸ್ನೋರು ಸುಮ್ನೆ ಮನೆ ಹುಡುಕ್ಬಹುದಾ?

ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ಕನಿಲಿಯಾ ವರ್ಸಸ್ ಸ್ಟ್ರಾಮ್ ಕೇಸಲ್ಲಿ ಎಲ್ಲಾ 9 ಜನ ಜಡ್ಜುಗಳೂ ಒಟ್ಟಾಗಿ ಹೇಳಿದ್ರು, ಜನರ ಕಾಳಜಿಗೆ ಬಂದ್ವಿ ಅನ್ನೋ ಒಂದೇ ಕಾರಣಕ್ಕೆ ವಾರಂಟ್ ಇಲ್ದೆ ಮನೆಯೊಳಗೆ ಹೋಗಿ ಗನ್ ತಗೊಳ್ಳೋ ಹಾಗಿಲ್ಲ ಅಂತ. ಅದು ರೋಡ್ ಐಲೆಂಡ್‌ನ ಒಂದು ಗಂಡ ಹೆಂಡ್ತಿ ಜಗಳದಿಂದ ಶುರುವಾದ ಕೇಸು. ಅದಕ್ಕೇ ಆರ್ಡರ್ ಬೇಕು, ಅವನು ಗನ್ ಕೊಡ್ದೇ ಹೋದ್ರೆ ಸರ್ಚ್ ವಾರಂಟ್ ಬೇಕು. ಕೆಲವು ರಾಜ್ಯಗಳಲ್ಲಿ ಜಡ್ಜು ಎರಡನ್ನೂ ಒಟ್ಟಿಗೇ ಕೊಡೋಕೆ ಅವಕಾಶ ಇದೆ.

ಪೊಲೀಸ್ನೋರು ಗನ್ ತಗೊಂಡು ಹೋದ್ರಲ್ಲ, ಇನ್ನು ಆರ್ಡರ್ ಯಾಕೆ? ಕೋರ್ಟು ಕಚೇರಿ ಅಲೆಯೋದು ಯಾಕೆ?

ಈ ಒಂದು ಪ್ರಶ್ನೆಗೋಸ್ಕರನೇ ನಾನು ಇಷ್ಟು ಉದ್ದ ಬರೀತಿರೋದು ಅಂದ್ರೂ ಸರಿ. 2020ರ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಒಬ್ಬ ತಾಯಿ ಪೊಲೀಸ್ನೋರ ಹತ್ರ ಹೋಗಿ, ಮಗ ಗನ್ ತಗೊಂಡಿದಾನೆ, ಪೊಲೀಸ್ ಕೈಲಿ ಸಾಯೋ ಹಾಗೆ ಏನಾದ್ರೂ ಮಾಡ್ಕೋತಾನೆ ಅಂತ ಭಯ ಅಂತ ಹೇಳಿದ್ರು. ಒಬ್ಬ ತಾಯಿ ಮಾಡ್ಬೇಕಾದ್ದು ಅಷ್ಟೂ ಮಾಡಿದ್ರು. ಪೊಲೀಸ್ನೋರು ಅವತ್ತೇ ಹೋಗಿ ಅವನ ಶಾಟ್‌ಗನ್ ತಗೊಂಡ್ರು. ಆ ಗನ್ ವಾಪಸ್ ಬೇಡ ಅಂತ ಮನೆಯೋರೂ ಒಪ್ಪಿದ್ರು. ಗನ್ನೇ ಬಂತಲ್ಲ ಅಂತ ಕೇಸು ಜಡ್ಜ್ ಮುಂದೆ ಹೋಗ್ಲಿಲ್ಲ. ಜಡ್ಜ್ ಮುಂದೆ ಹೋಗ್ಲಿಲ್ಲ ಅಂದ್ರೆ ಆರ್ಡರಿಲ್ಲ, ಆರ್ಡರಿಲ್ಲ ಅಂದ್ರೆ, ಗನ್ ಮಾರೋ ಮುಂಚೆ ಕೊಳ್ಳೋನಿಗೆ ಅಡ್ಡಿ ಇದೆಯಾ ಅಂತ ನೋಡೋ ಬ್ಯಾಕ್‌ಗ್ರೌಂಡ್ ಚೆಕ್ ಕಂಪ್ಯೂಟರಲ್ಲಿ ಅವನ ಹೆಸರಿಲ್ಲ. ಅದೇ ವರ್ಷ ಅವನು ಅಂಗಡಿಗೆ ಹೋಗಿ ಕಾನೂನುಬದ್ಧವಾಗಿ ಎರಡು ರೈಫಲ್ ಕೊಂಡ. 2021ರ ಏಪ್ರಿಲ್ 15ರ ರಾತ್ರಿ ತಾನು ಹಿಂದೆ ಕೆಲಸ ಮಾಡ್ತಿದ್ದ ಫೆಡೆಕ್ಸ್ ಗೋದಾಮಿಗೆ ಹೋಗಿ 8 ಜನರನ್ನ ಕೊಂದ, ತಾನೂ ಸತ್ತ. ಆ ಎಂಟರಲ್ಲಿ ನಾಲ್ಕು ಜನ ನಮ್ಮ ಪಂಜಾಬಿನ ಮೂಲದ ಸಿಖ್ಖರು, ಅದ್ರಲ್ಲಿ ಅಜ್ಜ ಅಜ್ಜಿ ವಯಸ್ಸಿನೋರೂ ಇದ್ರು.

ಇಂಡಿಯಾನಾದಲ್ಲಿ ಕಾನೂನು ಬಂದು ಅವತ್ತಿಗೆ 15 ವರ್ಷ ದಾಟಿತ್ತು. ಇನ್ನೂ ಹೊಟ್ಟೆ ಉರಿಯೋ ವಿಷಯ, ಆ ಕಾನೂನು ಹುಟ್ಟಿದ್ದೇ ಇದೇ ಊರಲ್ಲಿ. 2004ರಲ್ಲಿ ಜೇಕ್ ಲೇರ್ಡ್ ಅನ್ನೋ ಪೊಲೀಸ್ ಆಫೀಸರನ್ನ ಕೊಂದ ಮನುಷ್ಯನ ಗನ್‌ಗಳನ್ನ ಅದಕ್ಕೆ ಕೆಲವೇ ತಿಂಗಳು ಮುಂಚೆ ಪೊಲೀಸ್ನೋರು ತಗೊಂಡಿದ್ರು, ಇಟ್ಕೊಳ್ಳೋಕೆ ಕಾನೂನಿಲ್ಲ ಅಂತ ವಾಪಸ್ ಕೊಡ್ಬೇಕಾಗಿ ಬಂತು. ಕಾನೂನಿಗೆ ಆ ಆಫೀಸರ್ ಹೆಸರನ್ನೇ ಇಟ್ಟಿದಾರೆ.

ಹಾಗಾಗಿ ಪೊಲೀಸ್ನೋರು ಗನ್ ತಗೊಂಡು ಹೋದ್ರೆ ಅಲ್ಲಿಗೆ ಬಿಡ್ಬೇಡಿ. "ಕೋರ್ಟಿಗೆ ಅರ್ಜಿ ಹೋಯ್ತಾ? ಕೇಸ್ ನಂಬರ್ ಏನು? ಹಿಯರಿಂಗ್ ಯಾವತ್ತು?" ಈ ಮೂರು ಕೇಳಿ. ಬರೆದು ಕೇಳಿ, ಇಮೇಲಲ್ಲಿ ಕೇಳಿ.

ಕಾನೂನು ಇದ್ರೂ ಯಾಕೆ ಬಳಸಲ್ಲ?

ಗೊತ್ತಿಲ್ದೆ ಇರೋದು ದೊಡ್ಡ ಕಾರಣ. ಪೊಲೀಸ್ನೋರಿಗೇ ಗೊತ್ತಿರಲ್ಲ, ಗೊತ್ತಿದ್ರೂ ಯಾವ ಫಾರಂ, ಯಾವ ಜಡ್ಜು, ತಗೊಂಡ ಗನ್ ಎಲ್ಲಿಡೋದು, ಯಾರು ಕೋರ್ಟಲ್ಲಿ ನಿಂತು ಹೇಳೋದು ಅಂತ ಯಾರೂ ಹೇಳ್ಕೊಟ್ಟಿರಲ್ಲ. 2021ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಒಬ್ಬ 17ರ ಹುಡುಗ ಶಾಲೇಲಿ ಕೊಂದು ಸಾಯೋ ಮಾತು ಬರೆದ, ಆಸ್ಪತ್ರೆಗೆ ಕರ್ಕೊಂಡು ಹೋಗಿ ನೋಡಿ ಬಿಟ್ರು, ಅರ್ಜಿ ಯಾರೂ ಹಾಕ್ಲಿಲ್ಲ. 2022ರ ಮೇ 14ಕ್ಕೆ ಅವನೇ ಬಫಲೋದ ಸೂಪರ್ ಮಾರ್ಕೆಟ್ಟಲ್ಲಿ 10 ಜನರನ್ನ ಕೊಂದ. ಆಮೇಲೆ ನ್ಯೂಯಾರ್ಕ್‌ನಲ್ಲಿ, ಅಪಾಯ ಇದೆ ಅನ್ನೋಕೆ ಆಧಾರ ಸಿಕ್ರೆ ಪೊಲೀಸ್ನೋರು, ಸರ್ಕಾರಿ ವಕೀಲರು ಅರ್ಜಿ ಹಾಕ್ಲೇಬೇಕು ಅಂತ ಮಾಡಿದ್ರು.

ಇನ್ನು ಕೆಲವು ಕಡೆ ಬೇಕಂತಲೇ ಬಳಸಲ್ಲ. ಕೊಲರಾಡೋದಲ್ಲಿ 2019ರಲ್ಲಿ ಕಾನೂನು ಬಂದಾಗ ಅರ್ಧಕ್ಕಿಂತ ಹೆಚ್ಚು ಕೌಂಟಿಗಳು ನಾವು ಗನ್ ಹಕ್ಕಿನ ಕಡೆ ಅಂತ ನಿರ್ಣಯ ಮಾಡ್ಕೊಂಡವು, ಕೆಲವು ಶೆರಿಫ್‌ಗಳು (ಕೌಂಟಿ ಪೊಲೀಸ್ ಮುಖ್ಯಸ್ಥರು) ಜಾರಿ ಮಾಡಲ್ಲ ಅಂತಲೇ ಹೇಳಿದ್ರು. ಅಲ್ಲಿ ಎಲ್ ಪಾಸೋ ಕೌಂಟೀಲಿ 2021ರಲ್ಲಿ ಬಾಂಬ್ ಬೆದರಿಕೆ ಕೇಸಲ್ಲಿ ಸಿಕ್ಕಿದ್ದ ವ್ಯಕ್ತಿ ಮೇಲೆ ಯಾರೂ ಅರ್ಜಿ ಹಾಕಿರ್ಲಿಲ್ಲ, 2022ರ ನವೆಂಬರ್‌ನಲ್ಲಿ ಕ್ಲಬ್ ಕ್ಯೂ ಅನ್ನೋ ನೈಟ್‌ಕ್ಲಬ್ಬಲ್ಲಿ ಅದೇ ವ್ಯಕ್ತಿಯ ಗುಂಡಿಗೆ 5 ಜನ ಸತ್ರು. ಅರ್ಜಿ ಹಾಕಿದ್ರೆ ಖಂಡಿತ ತಪ್ಪುತ್ತಿತ್ತು ಅಂತ ಯಾರೂ ಹೇಳೋಕಾಗಲ್ಲ, ಆದ್ರೆ ಹಾಕೋದೇ ಇಲ್ಲ ಅಂತ ಕೂರೋದು ಹೇಗೆ ಸರಿ?

ಚೆನ್ನಾಗಿ ನಡೆದಿರೋ ಕಡೆ ನೋಡಿದ್ರೆ ಗುಟ್ಟು ಸರಳ, ಇದೇ ಕೆಲಸಕ್ಕೆ ಅಂತ ಜನ ಇದಾರೆ. ಸ್ಯಾನ್ ಡಿಯೆಗೋದಲ್ಲಿ ಸಿಟಿ ಅಟಾರ್ನಿ ಆಫೀಸಿನ ವಕೀಲರೇ ಪೊಲೀಸ್ನೋರ ಪರವಾಗಿ ಅರ್ಜಿ ಬರೆದು ಕೋರ್ಟಲ್ಲಿ ನಿಲ್ತಾರೆ, ಬೇರೆ ಊರಿನೋರಿಗೂ ಹೇಳ್ಕೊಟ್ಟಿದಾರೆ. ಸಿಯಾಟಲ್ ಇರೋ ಕಿಂಗ್ ಕೌಂಟೀಲಿ ಕೌಟುಂಬಿಕ ಹಿಂಸೆ ಮತ್ತು ಗನ್ ಆರ್ಡರ್‌ಗಳ ಜಾರಿಗೇ ಒಂದು ಯೂನಿಟ್ ಇದೆ, ಆರ್ಡರ್ ಆದ್ಮೇಲೆ ಗನ್ ನಿಜವಾಗ್ಲೂ ಬಂತಾ ಅಂತ ಬೆನ್ನು ಹತ್ತಿ ನೋಡ್ತಾರೆ. ಫ್ಲೋರಿಡಾದಲ್ಲಿ 2018ರಿಂದ ಸಾವಿರಾರು ಆರ್ಡರ್ ಆಗಿವೆ. 2022ರ ಜೂನ್‌ನಲ್ಲಿ ಬೈಡನ್ ಸಹಿ ಹಾಕಿದ ಫೆಡರಲ್ ಕಾನೂನಲ್ಲಿ ಇದಕ್ಕೂ, ಇದರ ಥರದ ಬೇರೆ ಕಾರ್ಯಕ್ರಮಗಳಿಗೂ ಸೇರಿ ರಾಜ್ಯಗಳಿಗೆ 75 ಕೋಟಿ ಡಾಲರ್ ಇಟ್ಟಿದ್ರು.

ಜಗಳಕ್ಕೆ ಸೇಡು ತೀರ್ಸ್ಕೊಳ್ಳೋಕೆ ಸುಳ್ಳು ಅರ್ಜಿ ಹಾಕಿದ್ರೆ?

ಪ್ರಮಾಣ ಮಾಡಿ ಬರೆಯೋ ಕಾಗದ, ಸುಳ್ಳಾದ್ರೆ ಅಪರಾಧ. ಕೊಲರಾಡೋದಲ್ಲಿ ಕಾನೂನು ಜಾರಿಗೆ ಬಂದ ಮೊದಲ ತಿಂಗಳೇ, 2020ರ ಜನವರಿಯಲ್ಲಿ, ಒಬ್ಬ ಮಹಿಳೆ ಒಬ್ಬ ಪೊಲೀಸ್ ಆಫೀಸರ್ ಮೇಲೆ, ನಮಗಿಬ್ರಿಗೂ ಒಂದು ಮಗು ಇದೆ ಅಂತ ಬರೆದು ಅರ್ಜಿ ಹಾಕಿದ್ರು. ಅದು ಸುಳ್ಳು. ಆ ಆಫೀಸರ್ ಗುಂಡಿಗೆ ಅವರ ಮಗ ಸತ್ತಿದ್ದ, ಆ ದುಃಖದ ಆಳ ನಮಗೆ ಗೊತ್ತಾಗಲ್ಲ, ಆದ್ರೂ ಜಡ್ಜು ಅರ್ಜಿ ತಳ್ಳಿಹಾಕಿದ್ರು, ಆಮೇಲೆ ಆ ಮಹಿಳೆಗೆ ಶಿಕ್ಷೆಯೂ ಆಯ್ತು. ಡಿವೋರ್ಸ್ ಕೇಸಲ್ಲಿ ಬಲ ಬರ್ಲಿ ಅಂತ ಇದನ್ನ ಬಳಸೋ ಯೋಚನೆ ಇದ್ರೆ ದಯವಿಟ್ಟು ಬಿಟ್ಬಿಡಿ, ನಿಜವಾಗ್ಲೂ ಭಯದಲ್ಲಿರೋ ಇನ್ನೊಬ್ಬ ಹೆಂಗಸನ್ನ ಜಡ್ಜು ನಂಬದ ಹಾಗೆ ಮಾಡ್ತೀರಿ.

ಗನ್ ಇಟ್ಕೊಳ್ಳೋದು ಸಂವಿಧಾನದ ಹಕ್ಕಲ್ವಾ?

ಹೌದು, ಎರಡನೇ ತಿದ್ದುಪಡಿ. ಆ ಹಕ್ಕನ್ನ ಹಗುರವಾಗಿ ನೋಡ್ಬಾರ್ದು, ಅದಕ್ಕೇ ಜಡ್ಜು, ಹಿಯರಿಂಗು, ಅವಧಿ ಎಲ್ಲಾ ಇರೋದು. 2024ರ ಜೂನ್ 21ಕ್ಕೆ ರಹೀಮಿ ಕೇಸಲ್ಲಿ ಸುಪ್ರೀಂ ಕೋರ್ಟು 8-1ರಲ್ಲಿ, ಇನ್ನೊಬ್ಬರ ದೇಹಕ್ಕೆ ನಿಜವಾದ ಅಪಾಯ ಇದೆ ಅಂತ ಕೋರ್ಟು ಕಂಡ್ಕೊಂಡ ವ್ಯಕ್ತಿಯಿಂದ ತಾತ್ಕಾಲಿಕವಾಗಿ ಗನ್ ದೂರ ಇಡ್ಬಹುದು ಅಂತ ಹೇಳ್ತು. ಆ ಕೇಸು ಕೌಟುಂಬಿಕ ಹಿಂಸೆ ಆರ್ಡರ್ ಬಗ್ಗೆ, ನೇರವಾಗಿ ರೆಡ್ ಫ್ಲ್ಯಾಗ್ ಬಗ್ಗೆ ಅಲ್ಲ.

ನಿಜವಾಗ್ಲೂ ಪ್ರಾಣ ಉಳಿಯತ್ತಾ?

ಟೀವಿಯಲ್ಲಿ ಬರೋದು ಶಾಲೆ, ಮಾಲು, ಗೋದಾಮಿನ ಸುದ್ದಿ. ಆದ್ರೆ 2023ರಲ್ಲಿ ಇಲ್ಲಿ ಗನ್‌ನಿಂದ ಸತ್ತ ಸುಮಾರು 46,700 ಜನರಲ್ಲಿ 27,300 ಜನ ತಮ್ಮ ಪ್ರಾಣ ತಾವೇ ಕಳ್ಕೊಂಡೋರು. ಗನ್ ಇದ್ರೆ ಆ ಪ್ರಯತ್ನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಉಳಿಯಲ್ಲ, ಬೇರೆ ದಾರಿಗಳಲ್ಲಿ ಹೆಚ್ಚಿನೋರು ಉಳೀತಾರೆ, ಹಾಗೆ ಒಮ್ಮೆ ಉಳಿದೋರಲ್ಲಿ ಬಹುಪಾಲು ಜನ ಮುಂದೆಯೂ ಬದುಕ್ತಾರೆ. ಆ ಕೆಟ್ಟ ಹೊತ್ತು ದಾಟೋವರೆಗೂ ಕೈಗೆ ಗನ್ ಸಿಗಬಾರ್ದು ಅಷ್ಟೇ. ಡ್ಯೂಕ್ ಯೂನಿವರ್ಸಿಟಿಯ ಜೆಫ್ರಿ ಸ್ವಾನ್ಸನ್ ತಂಡ ಕನೆಕ್ಟಿಕಟ್‌ನ 762 ಪ್ರಕರಣ ನೋಡಿ, ಪ್ರತಿ 10ರಿಂದ 20 ಆರ್ಡರಿಗೆ ಒಂದು ಪ್ರಾಣ ಉಳಿದಿದೆ ಅಂತ 2017ರಲ್ಲಿ ಲೆಕ್ಕ ಹಾಕಿದ್ರು. ಅಲ್ಲಿ ಒಬ್ಬೊಬ್ರ ಮನೆಯಿಂದ ಸರಾಸರಿ 7 ಗನ್ ತೆಗೆದಿದ್ರು. 2024ರಲ್ಲಿ ನಾಲ್ಕು ರಾಜ್ಯಗಳ 4,583 ಆರ್ಡರ್ ನೋಡಿದಾಗ 17ಕ್ಕೆ ಒಂದು ಅಂತ ಬಂತು. ಕ್ಯಾಲಿಫೋರ್ನಿಯಾದಲ್ಲಿ ಗುಂಪು ಹತ್ಯೆ ಮಾಡ್ತೀನಿ ಅಂದೋರ ಮೇಲೆ ಆದ 21 ಆರ್ಡರ್‌ಗಳನ್ನ 2019ರಲ್ಲಿ ಸಂಶೋಧಕರು ನೋಡಿದಾಗ, ಅವ್ಯಾವ ಹತ್ಯೆಯೂ ನಡೆದಿರ್ಲಿಲ್ಲ.

ಅವನ ರೆಕಾರ್ಡ್ ಹಾಳಾಗತ್ತಾ? ಗ್ರೀನ್ ಕಾರ್ಡ್‌ಗೆ ತೊಂದರೆಯಾ?

ಆರ್ಡರ್ ಆಗಿದ್ದಕ್ಕೇ ಕ್ರಿಮಿನಲ್ ರೆಕಾರ್ಡ್ ಆಗಲ್ಲ. ಆರ್ಡರ್ ಮುರಿದ್ರೆ, ಅಂದ್ರೆ ಬಚ್ಚಿಟ್ರೆ, ಬೇರೆ ಕೊಂಡ್ರೆ, ಆಗ ಅದು ಅಪರಾಧ. ಸಿಟಿಜನ್ ಅಲ್ದೇ ಇರೋರಿಗೆ ಗನ್ ಸಂಬಂಧಪಟ್ಟ ಶಿಕ್ಷೆ ಆದ್ರೆ ದೇಶ ಬಿಡ್ಬೇಕಾಗೋ ಮಟ್ಟಕ್ಕೂ ಹೋಗ್ಬಹುದು. ಹಾಗಾಗಿ ಗ್ರೀನ್ ಕಾರ್ಡ್ ಇರೋರ ಮೇಲೆ ಆರ್ಡರ್ ಬಂದ್ರೆ ಹಿಯರಿಂಗಿಗೆ ಮುಂಚೆ ಇಮಿಗ್ರೇಶನ್ ವಕೀಲರನ್ನ ನೋಡಿ, ಆರ್ಡರಲ್ಲಿ ಹೇಳಿದ್ದನ್ನ ಅಕ್ಷರ ತಪ್ಪದೆ ಮಾಡಿ.

ನಮ್ಮೂರ ಕಡೆ ಇಂಥದ್ದು ಇದೆಯಾ?

ಇದೇ ಥರದ್ದಿಲ್ಲ, ಅಲ್ಲಿ ಗನ್ ಸಿಗೋದೇ ಕಷ್ಟ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿಂದ ವಿನಾಯ್ತಿ ಇದೆ, ಅದನ್ನ 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರ್ಸ್ತು. ಆದ್ರೆ ತಾತ್ಕಾಲಿಕವಾಗಿ ಗನ್ ಒಪ್ಪಿಸೋದು ನಮಗೆ ಹೊಸದೇನಲ್ಲ. ನಾನು ಮಲೆನಾಡಿನೋಳು. ಚುನಾವಣೆ ಬಂತು ಅಂದ್ರೆ ಅಪ್ಪ ಅಟ್ಟದಿಂದ ಕೋವಿ ಇಳಿಸಿ, ಎಣ್ಣೆ ಬಟ್ಟೇಲಿ ಒರೆಸಿ, ಹಳೇ ದುಪ್ಪಟಿಯಲ್ಲಿ ಸುತ್ತಿ ಠಾಣೆಗೆ ಹೋಗಿ ಡೆಪಾಸಿಟ್ ಮಾಡಿ ಬರ್ತಿದ್ರು. ಆ ರಸೀದಿ ಪಂಚಾಂಗದ ಒಳಗೆ ಇರ್ತಿತ್ತು. ತೋಟಕ್ಕೆ ಮಂಗ, ಹಂದಿ ಕಾಟ ಅಂತ ಗೊಣಗ್ತಿದ್ರು, ಆದ್ರೆ ಅವರನ್ನ ಯಾರೂ ಕಳ್ಳ ಅಂದ್ಕೊಳ್ತಿರ್ಲಿಲ್ಲ. ಆರ್ಡರ್ ಬಂದ ಮನೆಯೋರು ಅವಮಾನ ಆಯ್ತು ಅಂತ ಅಳುವಾಗ ನಾನು ಅವರಿಗೆ ಇದನ್ನ ಹೇಳ್ತೀನಿ.

ನಮ್ಮ ರಾಜ್ಯದಲ್ಲಿ ಈ ಕಾನೂನಿಲ್ಲ, ಏನ್ ಮಾಡೋದು?

ಗಂಡ, ಹೆಂಡ್ತಿ, ಮಾಜಿ ಗಂಡನಿಂದ ಹೊಡೆತ ಬೆದರಿಕೆ ಇದ್ರೆ ಕೌಟುಂಬಿಕ ಹಿಂಸೆಯ ಪ್ರೊಟೆಕ್ಟಿವ್ ಆರ್ಡರ್ ಎಲ್ಲಾ ರಾಜ್ಯದಲ್ಲೂ ಇದೆ, ಹಿಯರಿಂಗ್ ಆಗಿ ಬಂದ ಅಂಥ ಆರ್ಡರ್ ಇದ್ರೆ ಫೆಡರಲ್ ಕಾನೂನೇ ಗನ್ ಇಟ್ಕೊಳ್ಳೋದನ್ನ ತಡೆಯತ್ತೆ. ಪ್ರಾಣ ಕಳ್ಕೊಳ್ಳೋ ಮಾತಾದ್ರೆ, ಅವನು ಒಪ್ಪೋ ಹಾಗಿದ್ರೆ, ಗನ್ ಮನೆಯಿಂದ ಹೊರಗೆ ಹೋಗ್ಲಿ. ಕೆಲವು ಗನ್ ಅಂಗಡಿಯೋರು, ಶೂಟಿಂಗ್ ರೇಂಜಿನೋರು ಇಟ್ಕೋತಾರೆ, ಕೆಲವು ಠಾಣೆಗಳೂ ಇಟ್ಕೋತವೆ. ನಂಬಿಕಸ್ಥ ಸ್ನೇಹಿತರ ಕೈಗೆ ಕೊಡೋದಾದ್ರೆ ಅವರಿಗೆ ಇಟ್ಕೊಳ್ಳೋ ಹಕ್ಕಿದೆಯಾ ಅಂತ ನೋಡಿ. ವೀಸಾ ಮೇಲಿರೋ ಭಾವನ ಮನೇಲಿ ಇಟ್ರೆ ಅವರು ಸಿಕ್ಕಿ ಬೀಳ್ತಾರೆ. ಅದ್ಯಾವುದೂ ಆಗಲ್ಲ ಅಂದ್ರೆ ಲಾಕ್ ಹಾಕಿ, ತೋಟಾ ಬೇರೆ ಕಡೆ ಇಟ್ಟು, ಬೀಗದ ಕೈ ಮನೆಯಿಂದಾಚೆ ಇಡಿ. "ಒಂದ್ ಎರಡ್ ತಿಂಗಳು ನನ್ನ ಸಮಾಧಾನಕ್ಕೆ ಕೊಡೋ ಮಗಾ" ಅಂದಾಗ ಕೊಟ್ಟಿರೋ ಹುಡುಗರೂ ಇದಾರೆ. ಪ್ರಾಣ ಕಳ್ಕೊಳ್ಳೋ ಯೋಚನೆ ಇದೆಯಾ ಅಂತ ಕೇಳಿದ್ರೆ ಇನ್ನೂ ಕೆಟ್ಟ ಯೋಚನೆ ಬರತ್ತೆ ಅನ್ನೋದು ನಿಜ ಅಲ್ಲ, ಕೇಳಿ.

ಅವಧಿ ಮುಗಿದ್ಮೇಲೆ ಗನ್ ತಾನಾಗೇ ವಾಪಸ್ ಬರತ್ತಾ?

ತಾನಾಗೇ ಮನೆಗೆ ಬರಲ್ಲ, ಅವನು ಕೇಳ್ಬೇಕು, ಮತ್ತೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿ ಕೊಡ್ತಾರೆ, ಆ ಹೊತ್ತಿಗೆ ಬೇರೆ ಅಡ್ಡಿ ಇಲ್ಲಾಂದ್ರೆ ಕೊಡ್ಲೇಬೇಕು, ಅದು ಅವನ ಆಸ್ತಿ. ಅವಧಿ ನಡುವೆಯೇ ತೆಗೀರಿ ಅಂತ ಕೇಳೋ ಹಕ್ಕೂ ಅವನಿಗಿದೆ. ಅಪಾಯ ಇನ್ನೂ ಇದೆ ಅಂದ್ರೆ ನೀವು ಮುಂದುವರ್ಸೋಕೆ ಅರ್ಜಿ ಹಾಕ್ಬೇಕು, ಮತ್ತೆ ಸಾಕ್ಷಿ ಕೊಡ್ಬೇಕು. ಫ್ಲೋರಿಡಾದಲ್ಲಿ ಅದು ಕೊನೆಯ 30 ದಿನದೊಳಗೆ, ಕ್ಯಾಲಿಫೋರ್ನಿಯಾದಲ್ಲಿ ಕೊನೆಯ 3 ತಿಂಗಳೊಳಗೆ. ಆರ್ಡರ್ ಕೈಗೆ ಬಂದ ದಿನವೇ ಮುಗಿಯೋ ತಾರೀಕನ್ನ ಅಡುಗೆಮನೆ ಕ್ಯಾಲೆಂಡರಲ್ಲಿ ಗುರುತು ಹಾಕಿ, ಅದಕ್ಕೆ ಎರಡು ತಿಂಗಳು ಮುಂಚೆ ಇನ್ನೊಂದು ಗುರುತು ಹಾಕಿ, ಅವತ್ತು ಅವನ ಜೊತೆ ಕೂತು ಮಾತಾಡಿ, ಡಾಕ್ಟರನ್ನೂ ಕೇಳಿ. ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಅವನೇ ಮಾರ್ಬಿಡೋಣ ಅಂದಿರ್ತಾನೆ. ಅನ್ನದೇ ಇದ್ರೆ ಆ ಎರಡು ತಿಂಗಳು ನಿಮಗೆ ಬೇಕಾಗತ್ತೆ.